ಲೇಬಲ್ಲಿನ ಕಡೆಯ ತುಣುಕು

ಮೇಣದ ಅಚ್ಚಿನಲ್ಲಿ ಹುದುಗಿದ ಅಂಗಾಂಶ ಉಳಿದಿದ್ದದ್ದು ಕತ್ತರಿಸಿ ಬಿದ್ದ ಉಗುರಿನಷ್ಟು. ನಿನ್ನೆಯೂ ಇಷ್ಟೇ ಇತ್ತು, ಹೋದ ವಾರವೂ ಇಷ್ಟೇ ಇತ್ತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗಿರಲಿಲ್ಲವೆಂದು ಬೆರಳಿಗೆ ಗೊತ್ತಿತ್ತು. ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಮೇಣದ ಅಚ್ಚು ಅಲಗಿನ ಮೇಲೆ ಇಳಿದು ಒಂದು ಪೊರೆಯನ್ನು ಬಿಟ್ಟುಕೊಡುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿನಷ್ಟು ದಪ್ಪ. ಉಸಿರು ತಾಗಿದರೆ ಹಾರಿಹೋಗುತ್ತದೆ, ಆದ್ದರಿಂದ ಉಸಿರು ಹಿಡಿಯಬೇಕು. ಇಪ್ಪತ್ತೊಂದು ವರ್ಷಗಳಿಂದ ದಿನಕ್ಕೆ ನೂರಾರು ಸಲ ಹಿಡಿದಿದ್ದಾಳೆ. ಅವನ್ನೆಲ್ಲ ಕೂಡಿಸಿದರೆ ತಾನು ತಿಂಗಳುಗಟ್ಟಲೆ ಉಸಿರಾಡದೆ ಬದುಕಿದ ಹೆಂಗಸು ಎಂದು ಒಮ್ಮೊಮ್ಮೆ ನಗು ಬರುತ್ತಿತ್ತು. ಈ ಕಟ್ಟಡದಲ್ಲಿ ಅವಳ ಕೈ ಇನ್ನೊಬ್ಬರಿಗಿಲ್ಲ. ಅದು ಜಂಬವಲ್ಲ, ಬಾಗಿಲು ಎಡಕ್ಕೆ ತೆರೆಯುತ್ತದೆ ಎಂಬಂಥ ಒಂದು ಸಂಗತಿ. ಕಣ್ಣು ಕಟ್ಟಿ ಕೂರಿಸಿದರೂ ಅಲಗಿನ ಸದ್ದಿನಲ್ಲೇ ಯಾವ ಅಂಗಾಂಶವೆಂದು ಹೇಳಬಲ್ಲಳು: ಚರ್ಮ ಅಲಗನ್ನು ಎಳೆಯುತ್ತದೆ, ಕೊಬ್ಬು ಪುಡಿಪುಡಿಯಾಗುತ್ತದೆ, ಗರ್ಭಕೋಶದ ಸ್ನಾಯು ಒದ್ದೆ ಹಗ್ಗದಂತೆ ಹಟ ಹಿಡಿಯುತ್ತದೆ, ಮಿದುಳು ಮಾತ್ರ ಎದುರು ಮಾತಾಡದೆ ಬರುತ್ತದೆ. ಇವತ್ತಿನದು ಬಂದದ್ದು ಕುಂಟುತ್ತ, ಅರ್ಧ ಹರಿದು. ಅದನ್ನು ಕುಂಚದ ತುದಿಯಲ್ಲಿ ಎತ್ತಿ ಬಿಸಿನೀರಿನ ತೊಟ್ಟಿಗೆ ಬಿಟ್ಟಳು. ಸುಕ್ಕು ಬಿಡಿಸಿಕೊಂಡು ತೇಲಿತು. ಕೊಕ್ಕೆಯ ಆಕಾರ. ಮೂರು ತಿಂಗಳಿಂದ ಅದೇ ಕೊಕ್ಕೆ. ಗಾಜಿನ ಪಟ್ಟಿಯನ್ನು ನೀರಿನಡಿಗೆ ಜಾರಿಸಿ, ಲೇಬಲ್ಲಿನ ಪಕ್ಕಕ್ಕೇ ಬರುವಂತೆ ಎತ್ತಿಕೊಂಡಳು. ಪಟ್ಟಿಯ ಇನ್ನೊಂದು ತುದಿಯಲ್ಲಿ ಯಾರದೋ ಕರುಳಿನ ತುಣುಕು ಆಗಲೇ ಒಣಗುತ್ತಿತ್ತು.

ಎಲ್ಲ ಸ್ಲೈಡಿಗೂ ಹೀಗೆ ಎರಡು ತುಣುಕು ಬೇಕಿಲ್ಲ. ದಿನದ ಕೆಲಸವೆಲ್ಲ ನೇರಳೆ ಮತ್ತು ಗುಲಾಬಿಯಲ್ಲೇ ಮುಗಿಯುತ್ತದೆ. ಕೋಶದ ತಿರುಳಿಗೆ ನೇರಳೆ, ಉಳಿದದ್ದಕ್ಕೆಲ್ಲ ಗುಲಾಬಿ. ಅದರಲ್ಲಿ ಬಗೆಹರಿಯದ ಅನುಮಾನ ಉಳಿದರೆ ಡಾಕ್ಟರು ಚೀಟಿಯಲ್ಲಿ ಬೇರೆ ಬಣ್ಣ ಬರೆದು ಕಳಿಸುತ್ತಾರೆ. ಆಗ ಪೇಷಂಟಿನ ತುಣುಕಿನ ಜೊತೆ, ಅದೇ ಗಾಜಿನ ಮೇಲೆ, ಹೇಗೆ ಬಣ್ಣ ಹಿಡಿಯುತ್ತದೆಂದು ಮೊದಲೇ ಗೊತ್ತಿರುವ ಇನ್ನೊಂದು ತುಣುಕನ್ನು ಕೂರಿಸಬೇಕು. ಅದು ಕಂಟ್ರೋಲು. ಗೊತ್ತಿರುವುದು ಸರಿಯಾಗಿ ಬಣ್ಣ ಹಿಡಿದರೆ ಗೊತ್ತಿಲ್ಲದ್ದನ್ನೂ ನಂಬಬಹುದು. ಲೇಬಲ್ಲಿನ ಕಡೆ ಕಂಟ್ರೋಲು, ಆಚೆ ತುದಿಗೆ ಪೇಷಂಟು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಅವಳಿಗೆ ಕೆಲಸ ಕಲಿಸಿದ ಮೇಣದಜ್ಜ ಹಾಗೆ ಮಾಡುತ್ತಿದ್ದ, ಅವಳು ಹಾಗೆ ಮಾಡಿದಳು, ಹೋದ ವರ್ಷದ ಕೊನೆಗೆ ನಿವೃತ್ತರಾದ ಹಳೆಯ ಡಾಕ್ಟರಿಗೆ ಅದು ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ವಜ್ರದ ಮೊನೆಯ ಪೆನ್ಸಿಲಿನಲ್ಲಿ ಕಂಟ್ರೋಲಿನ ಕೆಳಗೆ ಒಂದು ಗೀರು ಎಳೆಯಬೇಕೆಂಬ ನಿಯಮ ಎಲ್ಲೆಲ್ಲೋ ಇದೆಯೆಂದು ಕೇಳಿದ್ದಳು. ಗೊತ್ತಿರುವವರಿಗೆ ಗೀರು ಯಾಕೆ? ನೀಲಿ ಬಣ್ಣ ಹಾಕುವಾಗ ಕಂಟ್ರೋಲಿಗೆ ಬೇಕಾದದ್ದು ಆರೋಗ್ಯವಾಗಿರುವ ಒಂದು ಅಪೆಂಡಿಕ್ಸು. ಅದರ ಒಳಗೋಡೆಯ ತುಂಬ ಲೋಳೆ ತುಂಬಿಕೊಂಡು ಕೂತ ಕೋಶಗಳು, ಸಾಲಾಗಿ ಜೋಡಿಸಿಟ್ಟ ಪುಟ್ಟ ಕೊಡಗಳ ಹಾಗೆ, ಆ ನೀಲಿಯನ್ನು ಕುಡಿದು ಹೊಳೆಯುತ್ತವೆ. ಒಂಬತ್ತು ವರ್ಷಗಳಿಂದ ಈ ಲ್ಯಾಬಿನ ಪ್ರತಿ ನೀಲಿ ಸ್ಲೈಡಿನಲ್ಲೂ ಲೇಬಲ್ಲಿನ ಪಕ್ಕದಲ್ಲಿ ಕೂತದ್ದು ಅವಳದೇ ಅಪೆಂಡಿಕ್ಸು.

ಇದು ಗೊತ್ತಿದ್ದವರು ಇಬ್ಬರು. ಮೇಣದಜ್ಜ ಈಗಿಲ್ಲ. ಮಗಳು ನಾಲ್ಕು ವರ್ಷದವಳಿದ್ದಾಗ ಒಂದು ಬೆಳಗ್ಗೆ ಹೊಟ್ಟೆನೋವೆಂದು ಅವಳು ಇದೇ ಆಸ್ಪತ್ರೆಯಲ್ಲಿ ಮಲಗಿದ್ದಳು, ಸಂಜೆಗೆ ಹೊಟ್ಟೆ ಕೊಯ್ದಿದ್ದರು, ಮೂರನೆಯ ದಿನ ರಿಪೋರ್ಟು ಬಂದಿತ್ತು: ನಾರ್ಮಲ್. ತೆಗೆಯಬೇಕಾಗಿಯೇ ಇರಲಿಲ್ಲ. ನೋಡಲು ಬಂದ ನಾದಿನಿ ಮಂಚದ ಕಾಲಡಿಯಲ್ಲಿ ನಿಂತು, "ಏನೂ ಇಲ್ದೇ ಇದ್ದಿದ್ದಕ್ಕೆ ಹೊಟ್ಟೆ ಕೊಯ್ಸ್ಕೊಂಡ್ಯಲ್ಲೇ ಅತ್ತಿಗೆ, ನಾಲ್ಕು ದಿನ ಮಲಗ್ಬೇಕು ಅಂತಿದ್ರೆ ಹಾಗೇ ಮಲಗಬಹುದಿತ್ತು," ಎಂದು ನಕ್ಕಳು, ಗಂಡ ಆ ನಗುವಿಗೆ ಸೇರದಿದ್ದರೂ ತಡೆಯಲಿಲ್ಲ, ಅವಳು ಗೋಡೆಯ ಕಡೆ ತಿರುಗಿ ಮಲಗಿದಳು, ಅಷ್ಟರಲ್ಲಿ ಮೇಣದಜ್ಜ ಅಂಗಿಯ ತೋಳಿಗೆ ಮೇಣ ಮೆತ್ತಿಕೊಂಡೇ ಒಳಗೆ ಬಂದು ಕಿವಿಯ ಹತ್ತಿರ ಬಗ್ಗಿ ಹೇಳಿದ, "ಲೇ ಮಗಳೇ, ಎಷ್ಟು ಚೆನ್ನಾಗಿದೆ ಗೊತ್ತೇನೇ ನಿಂದು! ನಲವತ್ತು ವರ್ಷದಲ್ಲಿ ಇಂಥ ಅಪೆಂಡಿಕ್ಸ್ ನೋಡಿಲ್ಲ ನಾನು. ಪುಸ್ತಕದಲ್ಲಿ ಹಾಕ್ಬೇಕು. ಬಿಸಾಡೋಕೆ ಮನಸ್ಸು ಬರ್ಲಿಲ್ಲ ಕಣೇ, ಕಂಟ್ರೋಲ್‌ಗೆ ಎತ್ತಿಟ್ಟಿದ್ದೀನಿ. ಬೇಡ ಅಂತೀಯ?" ಬೇಡ ಅನ್ನಲಿಲ್ಲ. ಹೊಲಿಗೆ ಎಳೆಯುತ್ತಿದ್ದರೂ ನಕ್ಕಿದ್ದಳು. ತನ್ನ ಮೈಯಲ್ಲಿ ಒಂದಾದರೂ ಬೇರೆಯವರಿಗೆ ಅಳತೆಗೋಲಾಗುವಂಥದ್ದು ಇತ್ತಲ್ಲ. ಆಮೇಲೆ ಎಷ್ಟು ಜನರ ಪಕ್ಕದಲ್ಲಿ ಕೂತಳು. ಬಸ್ ಕಂಡಕ್ಟರು, ಬಾಣಂತಿಯರು, ಒಬ್ಬ ನ್ಯಾಯಾಧೀಶ, ಹೆಸರೇ ಓದಲಾಗದ ಮುದುಕರು. ಅವರ ಕೆಟ್ಟದ್ದು ಕೆಟ್ಟದ್ದೇ ಎಂದು ತಿಳಿಯುತ್ತಿದ್ದದ್ದು ಇವಳದು ನೆಟ್ಟಗಿದ್ದುದರಿಂದ. ಮನೆಯಲ್ಲಿ ಪಾತ್ರೆ ತೊಳೆಯುವಾಗ, ಗಂಡನ ಅಂಗಿಗೆ ಗುಂಡಿ ಹಾಕುವಾಗ, ಕರೆಂಟು ಹೋದಾಗ ಇದು ನೆನಪಾಗಿ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ಅಚ್ಚು ತೆಳ್ಳಗಾಗುತ್ತ ಬಂದದ್ದನ್ನು ಅವಳು ನೋಡಲಿಲ್ಲವೆಂದಲ್ಲ. ನೋಡಿದ್ದಳು, ನಾಳೆ ಬದಲಾಯಿಸಿದರಾಯಿತು ಎಂದು ಮುಚ್ಚಳ ಹಾಕಿದ್ದಳು.

ಬೆಳಗ್ಗೆ ಮಗಳು ನೋಟ್‌ಬುಕ್ಕನ್ನು ತಟ್ಟೆಯ ಪಕ್ಕಕ್ಕೆ ಎಸೆದಿದ್ದಳು. ನಾಲ್ಕು ಬಗೆಯ ಅಂಗಾಂಶಗಳ ಚಿತ್ರ. ಅನುಲೇಪಕ, ಸಂಯೋಜಕ, ಸ್ನಾಯು, ನರ. ನಾಲ್ಕರ ಮೇಲೂ ಕೆಂಪು ಗೀಟು. "ನೀನು ಹೇಳ್ದೆ ಅಂತ ಸಂಯೋಜಕಕ್ಕೆ ನೀಲಿ ಹಾಕ್ದೆ, ನರಕ್ಕೆ ಕಪ್ಪು ಹಾಕ್ದೆ. ಪುಸ್ತಕದಲ್ಲಿ ಇರೋದು ಹಳದಿ ಅಂತೆ. ಮಿಸ್ಸು ಎಲ್ಲರ ಮುಂದೆ ಎತ್ತಿ ತೋರಿಸಿ, ಇವರ ಮನೇಲಿ ಹೊಸ ಥರ ಮನುಷ್ಯರು ಇದ್ದಾರೆ ಅಂದ್ರು." ಅವಳು ರೊಟ್ಟಿಯ ಡಬ್ಬಿ ಮುಚ್ಚುತ್ತ, ಸಂಯೋಜಕ ಅಂಗಾಂಶ ನೀಲಿ ಬರುವ ಬಣ್ಣವೊಂದಿದೆ, ಸ್ನಾಯು ಅದರಲ್ಲೇ ಕೆಂಪಾಗುತ್ತದೆ, ನರಕ್ಕೆ ಬೆಳ್ಳಿ ಹಾಕಿದರೆ ಕಪ್ಪಾಗುತ್ತದೆ, ತಾನು ದಿನಾ ನೋಡುತ್ತೇನೆ ಎಂದಳು. "ನಿಜವಾಗ್ಲೂ ಯಾವ ಬಣ್ಣ ಇರತ್ತೆ ಅದನ್ನ ಹೇಳು." "ಯಾವ ಬಣ್ಣಾನೂ ಇರಲ್ಲ ಕಣೇ. ಕೊಯ್ದಾಗ ನೀರಿನ ಹಾಗಿರತ್ತೆ, ಏನೂ ಕಾಣಲ್ಲ. ಕಾಣ್ಲಿ ಅಂತ ನಾವು ಹಾಕ್ತೀವಿ." ಮಗಳು ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಗಳಿಗೆ ಯೋಚಿಸಿ, "ಹಾಗಿದ್ರೆ ಮಿಸ್ ಹೇಳಿದ್ದೂ ಸುಳ್ಳು, ನೀನು ಹೇಳಿದ್ದೂ ಸುಳ್ಳು. ಅಪ್ಪ ಹೇಳೋದೇ ಸರಿ, ನಿಂದು ಬರೀ ಬಣ್ಣ ಹಚ್ಚೋ ಕೆಲಸ," ಎಂದು ಚಪ್ಪಲಿ ಮೆಟ್ಟಿದಳು. ಸಿಟ್ಟಿನಲ್ಲಿ ಹೇಳಿದ್ದಲ್ಲ, ಲೆಕ್ಕ ಬಿಡಿಸಿದ ಮೇಲೆ ಉತ್ತರ ಓದುವಂತೆ ಹೇಳಿದ್ದು. ಆ ನೋಟ್‌ಬುಕ್ಕು ಈಗ ಲ್ಯಾಬಿನಲ್ಲಿ, ಅಮ್ಮನ ಚೀಲದಲ್ಲಿತ್ತು. ಮಿಸ್ಸಿಗೆ ಒಂದು ಮಾತು ಬರೆದುಕೊಡುತ್ತೇನೆ ಎಂದು ತಂದಿದ್ದಳು. ಏನೆಂದು ಬರೆಯುವುದು?

ಹತ್ತೂವರೆಗೆ ಟೈಪಿಸ್ಟು ಬಾಗಿಲಲ್ಲಿ ತಲೆ ಹಾಕಿ, "ಅಕ್ಕಾ, ಹೊಸ ಡಾಕ್ಟ್ರು ಕರೀತಿದ್ದಾರೆ. ಹೆದರ್ಕೋಬೇಡಿ, ಮುಖ ಅರಳಿದೆ," ಎಂದಳು. ಮೊಗಸಾಲೆಯ ಬೆಂಚಿನಲ್ಲಿ ಬೀಗ ರಿಪೇರಿಯವನು ಕೂತಿದ್ದ. ಅವನನ್ನು ಅವಳು ಬಲ್ಲಳು, ಹಳೆಯ ಸ್ಲೈಡುಗಳ ಕಪಾಟಿನ ಕೀಲಿ ಒಳಗೇ ಮುರಿದಾಗ ಬಂದು, ಒಂದು ತಂತಿಯಲ್ಲಿ ಎರಡು ನಿಮಿಷಕ್ಕೆ ತೆರೆದು, "ಇಷ್ಟೊಂದು ಗಾಜು ಒಳಗಿಟ್ಟು ಯಾರಿಂದಮ್ಮ ಕಾಯ್ತೀರಿ?" ಎಂದು ಕೇಳಿದವನು. ಈಗ ತೆಳ್ಳಗಾಗಿದ್ದ. ಕೀಲಿಗೊಂಚಲನ್ನು ಮಂಡಿಯ ಮೇಲಿಟ್ಟುಕೊಂಡು ಒಂದೊಂದಾಗಿ ಸರಿಸುತ್ತಿದ್ದ, ಜಪ ಮಾಡುವವರ ಹಾಗೆ. ಹೋದ ವಾರ ಅವನ ಜಠರದಿಂದ ಅಕ್ಕಿಕಾಳಿನಷ್ಟು ಚೂರು ಬಂದಿತ್ತು. ನೇರಳೆ ಗುಲಾಬಿಯ ಸ್ಲೈಡಿನಲ್ಲಿ ನೊರೆ ತುಂಬಿದಂಥ ಕೆಲವು ಬಿಳಿಚಿದ ಕೋಶಗಳು ಕಂಡಿದ್ದವು. ಅವು ಹಳೆಯ ಉರಿಯೂತದ ನಿರುಪದ್ರವಿ ಕೋಶಗಳೂ ಇರಬಹುದು, ಲೋಳೆ ತುಂಬಿಕೊಂಡ ಕ್ಯಾನ್ಸರೂ ಇರಬಹುದು, ಎರಡೂ ಒಂದೇ ಮುಖ ಹಾಕಿಕೊಂಡು ಬರುತ್ತವೆ. ನೀಲಿ ಹಾಕಿದರೆ ಗೊತ್ತಾಗುತ್ತದೆ: ನೀಲಿಯಾದರೆ ಕ್ಯಾನ್ಸರು, ಆಗದಿದ್ದರೆ ಅಲ್ಲ. ಹಾಗೆಂದು ಡಾಕ್ಟರು ಚೀಟಿ ಕಳಿಸಿದ್ದರು, ಅವಳು ನಿನ್ನೆ ಹಾಕಿ ಕೊಟ್ಟಿದ್ದಳು.

"ಬನ್ನಿ ಮೇಡಮ್, ಕೂತ್ಕೊಳ್ಳಿ. ನಿಮ್ಮ ಕೈಗೆ ಒಂದು ನಮಸ್ಕಾರ ಹಾಕ್ಬೇಕು ಅನ್ನಿಸ್ತು, ಅದಕ್ಕೇ ಕರೆಸಿದೆ." ಹೊಸ ಡಾಕ್ಟರು ಬಂದು ಎರಡು ತಿಂಗಳಾಗಿತ್ತು, ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಈ ಎರಡು ತಿಂಗಳಲ್ಲಿ ಅವರು ಅವಳೊಂದಿಗೆ ಆಡಿದ್ದೆಲ್ಲ ಚೀಟಿಯ ಮೂಲಕ. ಇಬ್ಬರು ಎದುರುಬದುರು ಕೂತು ಒಂದೇ ಸ್ಲೈಡನ್ನು ನೋಡುವ ಸೂಕ್ಷ್ಮದರ್ಶಕ ಅದು. ಆಚೆ ಕುರ್ಚಿಯಲ್ಲಿ ಕಲಿಯುವ ಡಾಕ್ಟರುಗಳು ಕೂರುತ್ತಾರೆ, ಬಣ್ಣ ಹಾಕುವವರನ್ನು ಯಾರೂ ಕೂರಿಸುವುದಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳು. "ನೋಡಿ ನೀಲಿ ಹೇಗೆ ಬಂದಿದೆ. ನಾನು ಮೊದಲಿದ್ದ ಕಡೆ ಇದೇ ಸ್ಟೇನು ಮಸಿ ಬಳಿದ ಹಾಗೆ ಬರ್ತಿತ್ತು. ಇಲ್ಲಿ ಒಂದೊಂದು ಕೋಶಾನೂ ಎಣಿಸಬಹುದು! ಬಾಣ ಇಟ್ಟಿದ್ದೀನಲ್ಲ, ಅಲ್ನೋಡಿ. ಗ್ರಂಥಿ ಇಲ್ಲ, ಸಾಲು ಇಲ್ಲ, ಒಂಟೊಂಟಿಯಾಗಿ ಚೆಲ್ಲಾಡಿದೆ. ಕ್ಯಾನ್ಸರೇ, ಅನುಮಾನ ಬೇಡ. ನಾಲ್ಕು ದಿನದಿಂದ ಒದ್ದಾಡ್ತಿದ್ದೆ, ನಿಮ್ಮ ನೀಲಿ ಒಂದೇ ಏಟಿಗೆ ಬಿಡಿಸಿಬಿಡ್ತು." ಬಾಣದ ತುದಿಯಲ್ಲಿ ಕೊಕ್ಕೆ ಇತ್ತು. ಹರಿದು, ನಜ್ಜಾಗಿ, ಸಾಲು ತಪ್ಪಿದ ಕೊಡಗಳು. ನೀಲಿಯನ್ನು ಕುಡಿದು ಹೊಳೆಯುತ್ತಿದ್ದವು. ಅವಳಿಗೆ ಮೊದಲು ಅನ್ನಿಸಿದ್ದು ಭಯವಲ್ಲ. ಇಷ್ಟು ವರ್ಷಗಳಲ್ಲಿ ಯಾರೋ ಒಬ್ಬರು ಇದನ್ನು ಇಷ್ಟು ಹೊತ್ತು, ಇಷ್ಟು ಅಕ್ಕರೆಯಿಂದ ನೋಡಿದರಲ್ಲ ಎನ್ನಿಸಿತು. "ಕಂಟ್ರೋಲೂ ಸೊಗಸಾಗಿ ಬಂದಿದೆ," ಎಂದು ಡಾಕ್ಟರು ಸ್ಲೈಡನ್ನು ಆಚೆ ತುದಿಗೆ ಸರಿಸಿದರು. ಅಲ್ಲಿ ಜಠರದ ಒಂದು ಚೂರು, ಮೇಲ್ಪದರವಷ್ಟೂ ಕಡುಗುಲಾಬಿ; ನೀಲಿಯ ಜೊತೆಗೆ ಹಾಕುವ ಎರಡನೆಯ ಬಣ್ಣವನ್ನು ಜಠರದ ಲೋಳೆ ಹೀಗೆ ಹಿಡಿಯುತ್ತದೆ. "ನಮ್ಮಲ್ಲೂ ಕಂಟ್ರೋಲ್‌ಗೆ ನಾರ್ಮಲ್ ಸ್ಟಮಕ್ಕೇ ಇಡ್ತಿದ್ವಿ, ಹೀಗೇ ಆಚೆ ತುದೀಲಿ. ಸರಿ ಮೇಡಮ್, ಸರ್ಜನ್‌ಗೆ ಫೋನ್ ಮಾಡಿದ್ದೀನಿ, ಪೂರ್ತಿ ಸ್ಟಮಕ್ ತೆಗೀಬೇಕಾಗತ್ತೆ. ಪಾಪ, ಮನುಷ್ಯ ಹೊರಗೇ ಕೂತಿದ್ದಾನೆ. ಹನ್ನೆರಡಕ್ಕೆ ಕೂರಿಸಿ ಹೇಳ್ತೀನಿ." ಅವಳ ಬಾಯಿಂದ ಬಂದದ್ದು, "ಥ್ಯಾಂಕ್ಸ್ ಡಾಕ್ಟ್ರೇ."

ಥ್ಯಾಂಕ್ಸ್ ಡಾಕ್ಟ್ರೇ. ಲ್ಯಾಬಿಗೆ ಹಿಂತಿರುಗಿ ನಲ್ಲಿಯ ಕೆಳಗೆ ಸ್ಲೈಡುಗಳ ತಟ್ಟೆ ಹಿಡಿದು ನಿಂತಾಗ ಆ ಎರಡು ಪದಗಳು ಬಾಯಲ್ಲಿ ಔಷಧದ ಕಹಿಯಂತೆ ಉಳಿದಿದ್ದವು. ದಿನದ ಕೆಲಸದ ನೇರಳೆ ಬಣ್ಣದಿಂದ ಆಗ ತಾನೇ ತೆಗೆದ ಅಂಗಾಂಶ ಕೆಂಪಗಿರುತ್ತದೆ, ಹರಿಯುವ ನೀರಿನಲ್ಲಿ ಐದು ನಿಮಿಷ ಹಿಡಿದರೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಮೊದಲ ಸಲ ನೋಡಿದಾಗ ಅವಳು ಚಪ್ಪಾಳೆ ತಟ್ಟಿದ್ದಳು, ಮೇಣದಜ್ಜ ತಲೆಗೊಂದು ಮೊಟಕಿ, ತಟ್ಟೆ ಬಿಟ್ಟು ಚಪ್ಪಾಳೆ ತಟ್ಟಬೇಡ ಅಂದಿದ್ದ. ಡಾಕ್ಟರು ತುದಿ ತಪ್ಪಿ ನೋಡಿದ್ದಾರೆ. ತಪ್ಪು ಅವರದು. ಕೇಳಬೇಕಿತ್ತು. ಎರಡು ತಿಂಗಳಲ್ಲಿ ಒಂದು ಸಲವಾದರೂ ಲ್ಯಾಬಿಗೆ ಬಂದು, ಇಲ್ಲಿ ಯಾವ ಕಡೆ ಏನಿಡುತ್ತೀರಿ ಎಂದು ಕೇಳಬೇಕಿತ್ತು. ಎಷ್ಟು ಜನ ಓದಿದವರಿದ್ದಾರೆ, ಸರ್ಜನ್ ಇದ್ದಾನೆ, ಅವನೂ ಒಮ್ಮೆ ನೋಡುತ್ತಾನೆ, ಯಾರಾದರೂ ಹಿಡಿಯುತ್ತಾರೆ. ಯಾರೂ ಹಿಡಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಕೊಕ್ಕೆಯನ್ನು ಗುರುತು ಹಿಡಿಯುವ ಒಂದೇ ಜೋಡಿ ಕಣ್ಣು ಈ ಊರಿನಲ್ಲಿತ್ತು. ಆರು ತಿಂಗಳ ಹಿಂದಿನ ಅಚ್ಚಾಗಿದ್ದರೆ ಇಡೀ ಉಂಗುರ ಬರುತ್ತಿತ್ತು, ನೋಡಿದ ಯಾವ ಡಾಕ್ಟರೂ ಇದು ಅಪೆಂಡಿಕ್ಸೆಂದು ಅರೆಗಣ್ಣಲ್ಲಿ ಹೇಳುತ್ತಿದ್ದ. ಉಗುರಿನಷ್ಟಾದ ಮೇಲೂ ಬಿಡದೆ ಎಳೆದವಳು ಅವಳು. ಬಯಾಪ್ಸಿಯ ಚೂರೇ ಅನ್ನುವಷ್ಟು ಸಣ್ಣದಾಗಿ, ಕ್ಯಾನ್ಸರೇ ಅನ್ನುವಷ್ಟು ನಜ್ಜಾಗಿ ಅದು ಬಂದದ್ದು ಅದರಿಂದ. ಗೀರು ಎಳೆಯದವಳೂ ಅವಳೇ. ಗೊತ್ತಿರುವವರಿಗೆ ಗೀರು ಯಾಕೆ. ನಾದಿನಿಯ ನಗು ಕೇಳಿಸಿತು, ಏನೂ ಇಲ್ದೇ ಇದ್ದಿದ್ದಕ್ಕೆ. ಈಗ ಹೊಟ್ಟೆ ಕೊಯ್ಸಿಕೊಳ್ಳುವ ಸರದಿ ಬೀಗದವನದು, ಅದೂ ಅವಳ ಅಪೆಂಡಿಕ್ಸಿಗಾಗಿ. ಎರಡನೆಯ ಸಲ. ನೀರು ಹರಿಯುತ್ತಲೇ ಇತ್ತು, ತಟ್ಟೆಯಲ್ಲಿದ್ದದ್ದು ನೀಲಿಯಾಗಿ ಎಷ್ಟೋ ಹೊತ್ತಾಗಿತ್ತು.

ಟೈಪಿಸ್ಟು ಹಾಳೆ ಬೀಸುತ್ತ ಬಂದಳು. "ಅಕ್ಕಾ, ಬೀಗದಪ್ಪಂದು ಟೈಪ್ ಆಯ್ತು, ಸೈನ್ ಒಂದೇ ಬಾಕಿ. ನನ್ ಕಣ್ಣಲ್ಲಿ ನೀರೇ ಬಂತು ನೋಡಿ. ನಮ್ಮ ಬೀರು ಬೀಗಕ್ಕೆ ಅವನು ದುಡ್ಡೂ ತಗೊಂಡಿರ್ಲಿಲ್ಲ. ಅಲ್ಲಾ, ಸ್ಟಮಕ್ ಪೂರ್ತಿ ತೆಗೆದ್ರೆ ಮನುಷ್ಯ ಊಟ ಹೇಗೆ ಮಾಡ್ತಾನೆ?"

"ಸೈನ್ ಮಾಡಿಸ್ಬೇಡ."

"ಆಂ?"

"ಹತ್ತು ನಿಮಿಷ ಆ ಹಾಳೆ ಕಳೆದುಹೋಗ್ಲಿ. ಎಲ್ಲಾದ್ರೂ ಇಟ್ಟು ಮರೆತುಬಿಡು. ನಿಂಗೇನು ಹೊಸದಾ ಮರೆಯೋದು?"

"ಅಯ್ಯೋ, ನನ್ ಮೇಲೆ ಯಾಕ್ ಹಾಕ್ತೀರಿ," ಎಂದಳು ಟೈಪಿಸ್ಟು, ಆದರೆ ಹಾಳೆಯನ್ನು ಮಡಿಸಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು.

ಕಪಾಟಿನ ಕೀಲಿಯನ್ನು ಕೈ ಒಂದೇ ಸಲಕ್ಕೆ ತಿರುಗಿಸಿತು. ಅದು ಕೈಯ ಗುಣ. ಮನಸ್ಸಿಗೆ ಏನಾದರೂ ಆಗಲಿ, ಕೆಲಸ ಕಂಡರೆ ಅದು ತನ್ನ ಪಾಡಿಗೆ ತಾನು ಸ್ಥಿರವಾಗುತ್ತದೆ. ಹಳೆಯ ಸ್ಲೈಡುಗಳ ಸಾಲಿನಲ್ಲಿ ಬೆರಳಾಡಿಸಿ ನೀಲಿ ಬಣ್ಣದ ಐದನ್ನು ತೆಗೆದಳು, ಹೋದ ಮೂರು ವಾರದವು, ಐದು ಬೇರೆಬೇರೆ ಜನರವು; ಐದರಲ್ಲೂ ಪೇಷಂಟಿನ ತುಣುಕು ದೊಡ್ಡದು, ತುದಿ ತಪ್ಪಿ ಓದುವಂತಿರಲಿಲ್ಲ. ಒಂದರ ಪಕ್ಕ ಒಂದಿಟ್ಟು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಕಾಣುತ್ತಿತ್ತು. ಮೊಗಸಾಲೆಯಲ್ಲಿ ಬೀಗದವನು ತಲೆಯೆತ್ತಿ, "ನಂದೇನಮ್ಮ ಅದು?" ಎಂದ. "ಅಲ್ಲ," ಎಂದಳು, ಮತ್ತು ತಾನು ಹೇಳಿದ್ದು ಅಕ್ಷರಶಃ ನಿಜವೆಂಬುದು ಬಾಗಿಲು ದೂಡುವಾಗ ಹೊಳೆದು ವಿಚಿತ್ರ ಧೈರ್ಯ ಬಂತು.

ಡಾಕ್ಟರು ಬೇರೊಂದು ಸ್ಲೈಡಿನಲ್ಲಿ ಮುಳುಗಿದ್ದರು. ಅವಳು ಅನುಮತಿ ಕೇಳದೆ ಐದನ್ನೂ ಅವರ ಮೇಜಿನ ಬಿಳಿಯ ಹಾಳೆಯ ಮೇಲೆ ಸಾಲಾಗಿ ಇಟ್ಟಳು, ಲೇಬಲ್ಲೆಲ್ಲ ಒಂದೇ ಕಡೆ ಬರುವಂತೆ. ಆರನೆಯದಾಗಿ ಬೀಗದವನ ಸ್ಲೈಡನ್ನು ಟ್ರೇಯಿಂದ ತಾನೇ ಎತ್ತಿ ಪಕ್ಕದಲ್ಲಿಟ್ಟಳು.

"ಲೇಬಲ್ ಪಕ್ಕದಲ್ಲಿರೋದನ್ನ ನೋಡಿ ಡಾಕ್ಟ್ರೇ. ಆರರಲ್ಲೂ."

ಅವರು ಬಗ್ಗಿದರು. ಆರು ಗಾಜು, ಆರು ಹೆಸರು, ಆರು ಕಡೆಯೂ ಅದೇ ನೀಲಿ ಕೊಕ್ಕೆ, ಒಂದೇ ಕಡೆ ಬಾಗಿ, ಒಂದೇ ಕಡೆ ಹರಿದು. ಅವರು ಒಂದನ್ನೆತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರು, ತೆಗೆದರು, ಇನ್ನೊಂದನ್ನಿಟ್ಟರು. 

"ಇದು..."

"ಇಲ್ಲಿ ಲೇಬಲ್ ಕಡೆ ಕಂಟ್ರೋಲ್ ಇಡೋದು, ಅಪೆಂಡಿಕ್ಸು. ಆಚೆ ತುದಿ ಪೇಷಂಟ್. ನೀವು ಬಂದಾಗ ನಾನು ಹೇಳ್ಬೇಕಿತ್ತು. ಗೀರು ಎಳೀಬೇಕಿತ್ತು, ಎಳೀಲಿಲ್ಲ. ಅದರ ಮೇಣದ ಬ್ಲಾಕ್ ಮುಗಿದು ತಿಂಗಳಾಗಿದೆ, ಬಿಸಾಡ್ಬೇಕಿತ್ತು, ಬಿಸಾಡ್ಲಿಲ್ಲ. ನೀವು ಕಂಟ್ರೋಲ್ ಸೊಗಸಾಗಿ ಬಂದಿದೆ ಅಂದ್ರಲ್ಲ, ಆ ಗುಲಾಬಿ ಚೂರೇ ಬೀಗದವನದು. ಅವನ ಹತ್ರ ನೀಲಿ ಒಂದು ಚುಕ್ಕೆ ಇಲ್ಲ."

ಡಾಕ್ಟರ ಮುಖದಿಂದ ಬಣ್ಣ ಇಳಿಯಿತು. ಇಳಿಯುವುದು ಎಂದರೆ ಹೇಗೆಂದು ಅವಳು ಬಲ್ಲಳು. ಮದ್ಯಸಾರದಲ್ಲಿ ಅದ್ದಿದಾಗ ಇಯೊಸಿನ್ನಿನ ಗುಲಾಬಿ ಹೀಗೇ ಇಳಿಯುತ್ತದೆ, ಮೊದಲು ಅಂಚಿನಿಂದ. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಅವರು ಬಹಳ ತಗ್ಗಿದ ದನಿಯಲ್ಲಿ ಕೇಳಿದರು, "ಅರ್ಧ ಗಂಟೆ ಮುಂಚೆ ಇಲ್ಲೇ ಕೂತಿದ್ರಲ್ಲ ಮೇಡಮ್. ಆಗ ಗೊತ್ತಿರ್ಲಿಲ್ವ?"

ಈ ಪ್ರಶ್ನೆಗೆ ಅವಳು ದಾರಿಯುದ್ದಕ್ಕೂ ಉತ್ತರ ಹುಡುಕಿದ್ದಳು. ಲ್ಯಾಬಿಗೆ ಹೋಗಿ ಹೋಲಿಸಿ ನೋಡಿದ ಮೇಲೆ ಗೊತ್ತಾಯಿತು ಎನ್ನಬಹುದಿತ್ತು. ಯಾರೂ ಎದುರು ಹೇಳಲಾರರು. "ಗೊತ್ತಿತ್ತು," ಎಂದಳು. "ನೀವು ಹೊಗಳ್ತಿದ್ರಿ. ಕೇಳ್ತಾ ಕೂತ್ಬಿಟ್ಟೆ."

ಡಾಕ್ಟರು ಆರನೆಯ ಸ್ಲೈಡನ್ನು ಮತ್ತೆ ಬೆಳಕಿಗೆ ಹಿಡಿದರು. "ನನಗೆ ಖಾತ್ರಿ ಆಗ್ಬೇಕು. ಆಕಾರ ಒಂದೇ ಇದೆ, ಒಪ್ಪಿದೆ. ಆದ್ರೆ ಇದು ಸ್ಟಮಕ್ ಅಲ್ಲ, ಅಪೆಂಡಿಕ್ಸು ಅಂತ ಹೇಗೆ ಹೇಳ್ತೀರಿ? ಈ ಚೂರಲ್ಲಿ ಯಾರಿಗೂ ಹೇಳೋಕಾಗಲ್ಲ. ಬ್ಲಾಕ್ ಯಾರದ್ದು, ರೆಕಾರ್ಡ್ ಇದ್ಯಾ?"

"ನಂದು ಡಾಕ್ಟ್ರೇ."

"ನಿಮ್ಮ ಬ್ಲಾಕೇ ಸರಿ, ನೀವೇ ಮಾಡಿದ್ದು. ಪೇಷಂಟ್ ಯಾರು ಅಂತ ಕೇಳ್ದೆ."

"ಅದೇ ಹೇಳ್ದೆ. ನಾನೇ. ಒಂಬತ್ತು ವರ್ಷದ ಹಿಂದೆ ಇಲ್ಲೇ ತೆಗೆದ್ರು, ನಾರ್ಮಲ್ ಇತ್ತು. ಆ ಬಾಣದ ತುದೀಲಿದ್ದದ್ದು ಬೀಗದವನಲ್ಲ, ನಾನು." ಹೇಳಿ ಮುಗಿಸಿದ ಮೇಲೆ ಅದು ಎಷ್ಟು ಹಾಸ್ಯಾಸ್ಪದವಾಗಿ ಕೇಳಿಸಿತೆಂದರೆ ಅವಳಿಗೇ ತಡೆಯಲಾಗದೆ, "ನಂಗೆ ಕ್ಯಾನ್ಸರ್ ಇಲ್ಲ, ಗಾಬರಿ ಆಗ್ಬೇಡಿ," ಎಂದು ಸೇರಿಸಿದಳು.

ಅವರು ನಗಲಿಲ್ಲ. ನಗದೆ ಇದ್ದದ್ದೇ ಒಳ್ಳೆಯದಾಯಿತು. ಆಮೇಲೆ ಬಂದದ್ದನ್ನು ಅವಳು ಕೈ ಕಟ್ಟಿ ನಿಂತು ಕೇಳಿದಳು: ಇದು ಮನೆಯಲ್ಲ, ನೆನಪಿಗೆಂದು ಇಟ್ಟುಕೊಳ್ಳಲು; ಗುರುತಿಲ್ಲದ ಕಂಟ್ರೋಲು ಇಲ್ಲದ ಕಂಟ್ರೋಲಿಗಿಂತ ಅಪಾಯ; ಒಬ್ಬ ಮನುಷ್ಯನ ಜಠರ ಹೋಗುತ್ತಿತ್ತು, ಹೆಸರು ತನ್ನದು ಇರುತ್ತಿತ್ತು. ಎಲ್ಲವೂ ಸರಿಯಾದ ಮಾತು. ಕೊನೆಯಲ್ಲಿ ಅವರು, "ಕೇಳದೆ ನೋಡಿದ್ದು ನಂದೂ ತಪ್ಪೇ. ಅದನ್ನ ನಾನೂ ಬರೀತೀನಿ, ನಿಮ್ಮದನ್ನ ನೀವು ಬರೆದುಕೊಡಿ," ಎಂದು ಫೋನೆತ್ತಿ ಸರ್ಜನ್ನಿಗೆ ಕಾಯಲು ಹೇಳಿದರು. "ಅವನ ಬ್ಲಾಕಲ್ಲಿ ಇನ್ನೂ ಇದೆಯಾ? ಹೊಸ ಕಂಟ್ರೋಲ್ ಹಾಕಿ ಮತ್ತೆ ಮಾಡಿ. ಎಷ್ಟು ಹೊತ್ತು?"

"ಮೂರು ಗಂಟೆ ಹೊತ್ತು. ಅವಸರ ಮಾಡಿದ್ರೆ ಎರಡು."

"ಅವಸರ ಮಾಡ್ಬೇಡಿ."

ಬೀಗದವನ ಅಚ್ಚಿನಲ್ಲಿ ಉಳಿದದ್ದು ಬಹಳವಿರಲಿಲ್ಲ. ಅಲಗು ಜೋಡಿಸುವುದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅವನ ಪಾಲಿನ ಉತ್ತರ ಮೇಣದ ಪುಡಿಯಲ್ಲಿ ಹೋಗುತ್ತಿತ್ತು. ಅವಳು ಹೊಸ ಅಲಗು ಹಾಕಿದಳು, ಅಚ್ಚನ್ನು ಮಂಜುಗಡ್ಡೆಯ ಮೇಲೆ ತಣಿಸಿದಳು, ಉಸಿರು ಹಿಡಿದು ಚಕ್ರ ತಿರುಗಿಸಿದಳು. ಮೊದಲ ಸುತ್ತಿಗೇ ಇಡಿಯಾಗಿ ಬಂತು. ಬರುತ್ತದೆಂದು ಗೊತ್ತಿತ್ತು. ಹಳೆಯ ಅಚ್ಚುಗಳ ಪೆಟ್ಟಿಗೆಯಿಂದ ಯಾರದೋ ಆರೋಗ್ಯವಂತ ಅಪೆಂಡಿಕ್ಸನ್ನು ಆರಿಸಿದಳು, ಬರೀ ಒಂದು ಸಂಖ್ಯೆ, ತುಂಬು ಉಂಗುರ, ಯಾವ ಕುರುಡನೂ ಅದನ್ನು ಜಠರವೆನ್ನಲಾರ. ಅದನ್ನು ಲೇಬಲ್ಲಿನ ಕಡೆ ಕೂರಿಸಿ, ಡ್ರಾಯರಿನ ಮೂಲೆಯಲ್ಲಿ ಮುಚ್ಚಳವೂ ತೆಗೆಯದೆ ಬಿದ್ದಿದ್ದ ವಜ್ರದ ಪೆನ್ಸಿಲನ್ನು ಹುಡುಕಿ, ಕೆಳಗೆ ಒಂದು ಗೀರು ಎಳೆದಳು. ಗಾಜು ಕಿರ್ರೆಂದಿತು. ನೀಲಿಯಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅವಳು ತನ್ನ ಅಚ್ಚನ್ನು ಯಂತ್ರಕ್ಕೆ ಏರಿಸಿ ಸುಮ್ಮನೆ ತಿರುಗಿಸಿದಳು. ಎರಡು ಸುತ್ತಿಗೆ ಎರಡು ಎಳೆಯಷ್ಟು ಬಂತು. ಮೂರನೆಯದರಲ್ಲಿ ಬರೀ ಮೇಣ, ಕಿಟಕಿಯ ಬೆಳಕು ಅಡ್ಡಿಯಿಲ್ಲದೆ ಹಾಯುವಂಥದ್ದು. ಅವಳು ಹಿಡಿದ ಉಸಿರನ್ನು ಬಿಟ್ಟಳು, ಅದು ಹಾರಿ ತೋಳಿಗೆ ಅಂಟಿತು, ಕೊಡವಿಕೊಂಡಳು. ಅಷ್ಟೇನೂ ಅನ್ನಿಸಲಿಲ್ಲ. ಚೀಲದಿಂದ ಮಗಳ ನೋಟ್‌ಬುಕ್ಕು ತೆಗೆದು, ಕೆಂಪು ಗೀಟಿನ ಕೆಳಗೆ ಬರೆದಳು: ಈ ನಾಲ್ಕಕ್ಕೂ ಸ್ವಂತ ಬಣ್ಣವಿಲ್ಲ. ಯಾವ ಬಣ್ಣ ಹಾಕಿದೆವೆಂದು ಪಕ್ಕದಲ್ಲಿ ಬರೆಯದಿದ್ದರೆ ಚಿತ್ರ ತಪ್ಪು, ಬರೆದರೆ ಸರಿ. ನನ್ನ ಮಗಳಿಗೆ 'ಪಕ್ಕದಲ್ಲಿ ಬರೆ' ಎಂದು ನಾನು ಹೇಳಿಕೊಟ್ಟಿರಲಿಲ್ಲ. ಕೆಳಗೆ ಸಹಿ ಮಾಡಿ, ಸಹಿಯ ಕೆಳಗೆ ತನ್ನ ಕೆಲಸದ ಹೆಸರನ್ನು ಪೂರ್ತಿಯಾಗಿ ಬರೆದಳು. ಆಮೇಲೆ ಕಡುಗುಲಾಬಿ, ಬಾಟಲಿಯಲ್ಲಿ ಅದು ನೀರಿನಷ್ಟು ತಿಳಿ, ನಲ್ಲಿಯ ಕೆಳಗೆ ತೊಳೆಯುತ್ತ ಹೋದಂತೆ ಅಂಗಾಂಶದೊಳಗಿಂದ ಬಣ್ಣ ತಾನೇ ಏಳುತ್ತದೆ.

ಮಧ್ಯಾಹ್ನ ಎರಡೂಕಾಲಿಗೆ ಡಾಕ್ಟರು ತಾವೇ ಲ್ಯಾಬಿಗೆ ಬಂದರು. ಅವಳ ಸಣ್ಣ ಸೂಕ್ಷ್ಮದರ್ಶಕದಲ್ಲೇ ನೋಡಿದರು, ನಿಂತುಕೊಂಡೇ. ಗೀರಿನ ಮೇಲೆ ನೀಲಿ ಕೊಡಗಳು ಸಾಲಾಗಿ. ಆಚೆ ತುದಿಯಲ್ಲಿ ಗುಲಾಬಿ ಅಂಚಿನ ಜಠರ, ಅದರ ನಡುವೆ ನೊರೆಕೋಶಗಳು, ಖಾಲಿ ಮನೆಗಳಂತೆ, ಒಂದೂ ನೀಲಿಯಿಲ್ಲ. ಬಹಳ ಹೊತ್ತು ನೋಡಿದರು. "ಇವನಿಗೇನೂ ಇಲ್ಲ," ಎಂದರು, "ಹಳೆ ಹುಣ್ಣು, ಅಷ್ಟೇ." ಟೈಪಿಸ್ಟು ಬಾಗಿಲ ಹತ್ತಿರ ನಿಂತವಳು ಬೆನ್ನು ತಿರುಗಿಸಿ, ಕುಪ್ಪಸದೊಳಗಿನ ಹಾಳೆಯನ್ನು ತೆಗೆದು ಸಣ್ಣಸಣ್ಣ ಚೂರು ಮಾಡಿದಳು.

ಬೀಗದವನಿಗೆ ಯಾರೂ ಏನೂ ಹೇಳಿರಲಿಲ್ಲ, ಕಾಯಬೇಕು ಎನ್ನುವುದರ ಹೊರತು. ಹೊಸ ರಿಪೋರ್ಟಿನ ಲಕೋಟೆಯನ್ನು ಕೈಯಲ್ಲಿ ಹಿಡಿದು, ಮಾತ್ರೆಯ ಚೀಟಿಯನ್ನು ಜೇಬಿಗೆ ತುರುಕುತ್ತ, ಅವನು ಲ್ಯಾಬಿನ ಬಾಗಿಲಿಗೆ ಬಂದು ನಿಂತ. ಮುಖ ಸಿಡಿಸಿಡಿ. "ಏನಮ್ಮಾ, ಹನ್ನೆರಡಕ್ಕೆ ಅಂದ್ರು, ಮೂರಾಯ್ತು. ಎರಡು ಮನೆ ಬಾಗಿಲು ಹಾಕ್ಕೊಂಡು ಜನ ಬೀದೀಲಿ ಕಾಯ್ತಿದ್ದಾರೆ ನಂಗೋಸ್ಕರ. ಕೊನೇಗೆ ಏನಿಲ್ಲ ಹೋಗು ಅಂತಾರೆ. ಏನಿಲ್ಲ ಅನ್ನೋಕೆ ಇಷ್ಟೊತ್ತಾ? ಒಂದು ಚೂರಿಗೆ ಬಣ್ಣ ಹಚ್ಚೋಕೆ ಇಷ್ಟೊತ್ತಾ?"

ಅವಳು ಕೈಯಲ್ಲಿದ್ದ ಸ್ಲೈಡಿನ ಲೇಬಲ್ಲಿನ ಕಡೆ ಗೀರು ಎಳೆಯುತ್ತಿದ್ದಳು, ಅದು ಮುಗಿಯುವ ತನಕ ತಲೆಯೆತ್ತಲಿಲ್ಲ.

"ಹೌದಪ್ಪಾ," ಎಂದಳು. "ಇಷ್ಟೊತ್ತು."